ಬೇಲಿ ಇರಲಿ, ತಡಬೆಯೂ ಇರಲಿ

ನಮ್ಮ ಕೇರಿಯಿಂದ ಹಳ್ಳ ದಾಟಿ ಶಾಲೆಗೆ, ಅಲ್ಲಿಂದ ಬಸ್ಸು ನಿಲ್ಲುವ ಕಟ್ಟೆಗೆ ಹೋಗುವ ಕಾಲುದಾರಿಗೆ ಎರಡು ಮಳೆಗಾಲದ ಹಿಂದೆ ತಂತಿಬೇಲಿ ಬಿತ್ತು. ದಾರಿ ತೆರೆಸಿಕೊಡಿ ಎಂದು ಊರಿನವರು ಸೇರಿ ಅರ್ಜಿ ಕೊಟ್ಟೆವು. ಅರ್ಜಿ ಬರೆದವನು ನಾನು. ಅಂದಿನಿಂದ ಸೊಸೈಟಿಯ ಜಗಲಿಯಲ್ಲಿ, ಗ್ರಾಮಸಭೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಕೂಡ ನನಗೆ ಉತ್ತರಗಳು ಬರುತ್ತಲೇ ಇವೆ. ಕೆಲವು ಸಿಟ್ಟಿನಲ್ಲಿ ಆಡಿದವು, ಕೆಲವು ನಿಜವಾಗಿ ಯೋಚಿಸಿ ಹೇಳಿದವು. ಎದುರು ಸಿಕ್ಕಾಗ ಅರ್ಧಕ್ಕೆ ನಿಲ್ಲಿಸಿದ ನನ್ನ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಇದು ನಮ್ಮ ಊರೊಂದರ ಸಂಗತಿಯಲ್ಲ. ಬಯಲುಸೀಮೆಯ ಬಂಡಿದಾರಿ, ಉತ್ತರ ಕರ್ನಾಟಕದ ಚಕ್ಕಡಿ ಹಾದಿ, ಮಲೆನಾಡಿನ ಕಾಲುದಾರಿ ಎಲ್ಲವೂ ಹೀಗೆಯೇ ಮುಚ್ಚಿಹೋಗುತ್ತಿವೆ, ಎಲ್ಲ ಕಡೆಯೂ ಇವೇ ಸಮರ್ಥನೆಗಳು ಕೇಳುತ್ತವೆ.

ಮೊದಲನೆಯದು, ಎಲ್ಲರಿಗಿಂತ ಗಟ್ಟಿ ದನಿಯದು: ಪಹಣಿ ನನ್ನ ಹೆಸರಿನಲ್ಲಿದೆ, ಜಮೀನು ನನ್ನದು, ನನ್ನ ಜಮೀನಿಗೆ ನಾನು ಬೇಲಿ ಹಾಕಿದರೆ ಕೇಳಲು ನೀವು ಯಾರು?

ಪಹಣಿಯನ್ನೇ ಬಿಡಿಸಿ ನೋಡೋಣ. ವಿಸ್ತೀರ್ಣದ ಕಲಮಿನಲ್ಲಿ ಒಟ್ಟು ಎಕರೆ-ಗುಂಟೆಯ ಕೆಳಗೆ ಖರಾಬು 'ಅ', ಖರಾಬು 'ಬ' ಎಂದು ಎರಡು ಸಾಲುಗಳಿವೆ. ಬಹಳ ಜನ ಇವನ್ನು ಓದದೆ ದಾಟಿಬಿಡುತ್ತಾರೆ. 'ಅ' ಖರಾಬು ಒಡೆಯನದೇ. ಬಂಡೆ, ಕಣ, ಕೊಟ್ಟಿಗೆಯಂಥ ಸಾಗುವಳಿಗೆ ಬಾರದ ಜಾಗ ಅದು. 'ಬ' ಖರಾಬು ಹಾಗಲ್ಲ. ಅದು ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದರಲ್ಲಿ ಏನೇನು ಬರುತ್ತದೆ ಎಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೆಯ ನಿಯಮ ಹೆಸರು ಹಿಡಿದು ಹೇಳುತ್ತದೆ: ರಸ್ತೆ, ಮಾನ್ಯವಾದ ಕಾಲುದಾರಿ, ಒಡೆಯನಲ್ಲದವರೂ ನೀರು ಬಳಸುವ ಕೆರೆ ಮತ್ತು ಹಳ್ಳ, ಸ್ಮಶಾನ. ಕಾಲುದಾರಿ ಎಂಬ ಮಾತು ಅಲ್ಲಿ ಸ್ಪಷ್ಟವಾಗಿಯೇ ಇದೆ. ಆ ಜಾಗಕ್ಕೆ ಕಂದಾಯದ ಆಕಾರ ಕಟ್ಟಿಲ್ಲ. ಇಂದಿನ ಒಡೆಯರಾಗಲಿ, ಅವರ ಅಜ್ಜನಾಗಲಿ, ಅವರಿಗೆ ಜಮೀನು ಮಾರಿದವರಾಗಲಿ ಅದಕ್ಕೆ ಒಂದು ಪೈಸೆ ಕಂದಾಯ ಕಟ್ಟಿದವರಲ್ಲ. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತು ಎಂದು 1964ರ ಭೂಕಂದಾಯ ಕಾಯ್ದೆಯ 67ನೆಯ ಕಲಂ ಹೇಳುತ್ತದೆ. ಸರ್ವೆ ನಂಬರಿನ ಒಳಗಿದ್ದ ಮಾತ್ರಕ್ಕೆ ದಾರಿ ಪಹಣಿದಾರನದಾಗುವುದಿಲ್ಲ.

ಇನ್ನೊಂದು ದಾಖಲೆ ಗ್ರಾಮ ನಕಾಶೆ. ಅದರಲ್ಲಿ ಜೋಡಿ ತುಂಡುಗೆರೆ ಇದ್ದರೆ ಬಂಡಿದಾರಿ, ಒಂಟಿ ತುಂಡುಗೆರೆ ಇದ್ದರೆ ಕಾಲುದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂಲ ಸರ್ವೆಯವರು 33 ಅಡಿಯ ಸರಪಳಿ ಎಳೆಯುತ್ತ ಬಂದಾಗ ಜನ ನಡೆದು ಸವೆದಿದ್ದ ದಾರಿಗಳನ್ನು ಕಂಡು ಗುರುತು ಹಾಕಿದರು. ಅಂದರೆ ದಾರಿ ಮೊದಲಿತ್ತು, ಸರ್ವೆ ನಂಬರು ಆಮೇಲೆ ಬಂತು. ಕೆಲವು ಕಡೆ ನಕಾಶೆಯಲ್ಲಿ ಗೆರೆ ಇರುತ್ತದೆ, ಪಹಣಿಯಲ್ಲಿ ಖರಾಬು ಕಾಣುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಂಥಲ್ಲಿ ಮೂಲ ಟಿಪ್ಪಣಿ, ಆಕಾರಬಂದ್ ತೆಗೆಸಿ ನೋಡಬೇಕು. ನೋಡದೆ ನನ್ನದು ಎನ್ನುವುದೂ ಸರಿಯಲ್ಲ, ನೋಡದೆ ಊರಿನದು ಎನ್ನುವುದೂ ಸರಿಯಲ್ಲ.

ಜಾಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಜಮೀನೇ ಹೋಯಿತು ಎಂಬಂತೆ ಮಾತಾಡುವವರಿದ್ದಾರೆ. ಒಂದು ಗುಂಟೆಗೆ 1089 ಚದರ ಅಡಿ. ಮೂರು ಅಡಿ ಅಗಲದ ಕಾಲುದಾರಿ 363 ಅಡಿ ಉದ್ದ ಹೋದರೆ ಸರಿಯಾಗಿ ಒಂದು ಗುಂಟೆ. ನಮ್ಮೂರಿನ ದಾರಿ ಆ ಜಮೀನಿನಲ್ಲಿ ಹಾಯುವುದು ಅಷ್ಟು ದೂರವೂ ಇಲ್ಲ.

ನಾವು ಹೊಸದಾಗಿ ಕೊಂಡವರು, ದಾರಿ ಇದೆ ಎಂದು ಮಾರಿದವರು ಹೇಳಲಿಲ್ಲ ಎಂಬುದು ಈ ಮೊದಲ ಉತ್ತರದ ತಮ್ಮನಂಥ ಮಾತು. ಇದನ್ನು ಆಡುವವರ ಮೇಲೆ ನನಗೆ ಸಿಟ್ಟಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಪೇಟೆಯಲ್ಲಿ ಸೈಟು ಕೊಂಡ ರೂಢಿಯಿಂದ ಅವರು ಮೊದಲು ಮಾಡುವ ಕೆಲಸ ನಾಲ್ಕೂ ಮೂಲೆಗೆ ಕಲ್ಲುಕಂಬ ನೆಟ್ಟು ತಂತಿ ಎಳೆಯುವುದು. ಸೈಟಿನ ಮಧ್ಯದಲ್ಲಿ ಯಾರೂ ನಡೆಯುವುದಿಲ್ಲ, ಹಳ್ಳಿಯ ಜಮೀನಿನ ಮಧ್ಯದಲ್ಲಿ ನಡೆಯುತ್ತಾರೆ. ಕೊಳ್ಳುವ ಮುಂಚೆ ನಕಾಶೆ ನೋಡುವುದು ಕೊಳ್ಳುವವರ ಕೆಲಸ. ಈಗ ದಿಶಾಂಕ್ ಆಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ, ಗ್ರಾಮ ನಕಾಶೆ ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಮಾರಿದವರು ಮುಚ್ಚಿಟ್ಟಿದ್ದರೆ ಅದು ಮಾರಿದವರ ಜೊತೆ ಆಡಬೇಕಾದ ಜಗಳ. ಅದರ ಬೆಲೆಯನ್ನು ಶಾಲೆಗೆ ಹೋಗುವ ಮಕ್ಕಳು ತೆರಬಾರದು.

ಎರಡನೆಯ ಉತ್ತರ ಹೆಚ್ಚು ನಯವಾದದ್ದು: ಈಗ ಯಾರು ಸ್ವಾಮಿ ನಡೆಯುತ್ತಾರೆ? ಮನೆಮನೆಗೂ ಬೈಕು ಬಂದಿದೆ, ಟಾರು ರಸ್ತೆ ಆಗಿದೆ. ಕಾಲುದಾರಿ ಎಂಬುದು ಹಳೆಯ ಕಾಲದ ಮಾತು.

ಮನೆಯಲ್ಲಿ ಬೈಕು ಇರಬಹುದು, ಅದರ ಕೀಲಿ ಯಾರ ಜೇಬಿನಲ್ಲಿದೆ ನೋಡಿ. ಬೆಳಿಗ್ಗೆ ಏಳಕ್ಕೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ನಡೆಯುತ್ತಾರೆ. ಡೈರಿಗೆ ಹಾಲು ಒಯ್ಯುವ ಅಜ್ಜಿ ನಡೆಯುತ್ತಾಳೆ. ಪಡಿತರದ ಅಕ್ಕಿ ಹೊತ್ತವರು, ಅಂಗನವಾಡಿಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡವರು, ದನ ಹೊಡೆದುಕೊಂಡು ಗೋಮಾಳಕ್ಕೆ ಹೋಗುವವರು, ಇವರೆಲ್ಲ ನಡೆಯುವವರೇ. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವವರು ಬೈಕಿನಲ್ಲಿ ಬರುತ್ತಾರೆ, ಆದ್ದರಿಂದ ಊರಿಡೀ ಬೈಕಿನಲ್ಲಿ ಓಡಾಡುತ್ತಿದೆ ಎಂದು ಅವರಿಗೆ ತೋರುತ್ತದೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ನಡಿಗೆಯ ದೂರದಲ್ಲಿ ಶಾಲೆ ಇರಬೇಕು ಎನ್ನುತ್ತವೆ ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು. ನಮ್ಮ ಕೇರಿಯಿಂದ ಶಾಲೆಗೆ ಕಾಲುದಾರಿಯಲ್ಲಿ ಮುಕ್ಕಾಲು ಕಿಲೋಮೀಟರ್. ಬೇಲಿ ಬಿದ್ದ ಮೇಲೆ ಟಾರು ರಸ್ತೆ ಸುತ್ತಿ ಮೂರು ಕಿಲೋಮೀಟರಿಗೂ ಹೆಚ್ಚು. ಶಾಲೆ ಇದ್ದಲ್ಲೇ ಇದೆ, ಮಕ್ಕಳಿಗೆ ಮಾತ್ರ ದೂರವಾಯಿತು. ಹೀಗೆ ದೂರವಾದ ಶಾಲೆಗೆ ಮಳೆಗಾಲದಲ್ಲಿ ಹಾಜರಿ ಕಡಿಮೆಯಾದರೆ ಅದನ್ನು ಮಕ್ಕಳ ಸೋಮಾರಿತನ ಎಂದು ಬರೆಯಬೇಡಿ.

ಯಾರೂ ಬಳಸದ ದಾರಿಗಳೂ ಇವೆ, ನಿಜ. ಹಾಳುಬಿದ್ದ ಊರಿಗೆ ಹೋಗುವ ಹಾದಿ ಇಂದು ಬೇಡವಾಗಿರಬಹುದು. ಅದಕ್ಕೂ ಭೂಕಂದಾಯ ಕಾಯ್ದೆಯಲ್ಲೇ ವ್ಯವಸ್ಥೆ ಇದೆ. 68ನೆಯ ಕಲಮಿನ ಪ್ರಕಾರ ಒಂದು ದಾರಿ ಜನರಿಗೆ ಅಗತ್ಯವಿಲ್ಲ ಎಂದು ಕಂಡರೆ, ನೋಟಿಸು ಕೊಟ್ಟು, ಆಕ್ಷೇಪಣೆ ಕೇಳಿ, ಅಧಿಸೂಚನೆ ಹೊರಡಿಸಿ ಅದರ ಮೇಲಿನ ಹಕ್ಕನ್ನು ಕೊನೆಗೊಳಿಸಬಹುದು. ನಾಲ್ಕು ಜನ ಕೂಲಿಯಾಳು ಕರೆದು ಒಂದು ಭಾನುವಾರ ತಂತಿ ಎಳೆಯುವುದು ಆ ವಿಧಾನವಲ್ಲ. ಇನ್ನೂ ಒಂದು ಮಾತು: ಮುಚ್ಚಿದ ದಾರಿಯಲ್ಲಿ ಎರಡು ವರ್ಷದಲ್ಲಿ ಲಂಟಾನ ಬೆಳೆಯುತ್ತದೆ. ಆಮೇಲೆ ಅದೇ ಲಂಟಾನವನ್ನು ತೋರಿಸಿ, ನೋಡಿ ಯಾರೂ ಓಡಾಡುತ್ತಿಲ್ಲ ಎಂದರೆ ನಾವು ಒಪ್ಪಬೇಕೆ?

ಮೂರನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗೌರವದಿಂದ ಕೇಳುತ್ತೇನೆ. ಅದು ಬೆಳೆ ಕಾಯುವವನ ಕಷ್ಟ. ಅಡಿಕೆ ಕೊನೆ ರಾತ್ರೋರಾತ್ರಿ ಇಳಿಯುತ್ತದೆ, ಕಾಳುಮೆಣಸಿನ ಬಳ್ಳಿ ಬೋಳಾಗುತ್ತದೆ, ಕಾಡುಹಂದಿ ಒಂದೇ ರಾತ್ರಿಗೆ ಗದ್ದೆ ಉತ್ತು ಹಾಕುತ್ತದೆ. ದಾರಿಯೆಂದು ಬಿಟ್ಟರೆ ದನವೂ ನುಗ್ಗುತ್ತದೆ. ಬೇಲಿ ಇಲ್ಲದೆ ಬದುಕುವುದು ಹೇಗೆ? ಈ ಪ್ರಶ್ನೆ ಕೇಳಿದವರಲ್ಲಿ ನನ್ನ ಸ್ವಂತ ಚಿಕ್ಕಪ್ಪನೂ ಒಬ್ಬರು. ನಮ್ಮದೂ ಅರ್ಧ ಎಕರೆ ತೋಟ ಇದೆ, ಬೇಲಿ ನಾವೂ ಹಾಕಿದ್ದೇವೆ.

ಆದರೆ ಬೇಲಿ ಮತ್ತು ದಾರಿ ಒಂದಕ್ಕೊಂದು ಶತ್ರು ಎಂದು ಯಾವಾಗಿನಿಂದ ಆಯಿತು? ಮಲೆನಾಡಿನಲ್ಲಿ ಹಿರಿಯರು ಬೇಲಿ ಕಟ್ಟಿದಲ್ಲೆಲ್ಲ ತಡಬೆ ಇಟ್ಟರು. ಬೇಲಿಯ ಎರಡೂ ಬದಿಗೆ ಮೆಟ್ಟಿಲಿನಂತೆ ಕಲ್ಲು, ಇಲ್ಲವೇ ಕವೆಗೋಲು. ಮನುಷ್ಯ ಹತ್ತಿ ಇಳಿಯುತ್ತಾನೆ, ದನ ಹತ್ತಲಾರದು. ದನಕರು, ಗಾಡಿ ಹೋಗಬೇಕಾದಲ್ಲಿ ಉಣಗೋಲು: ಎರಡು ಕಂಬಕ್ಕೆ ತೂತು ಕೊರೆದು ಅಡ್ಡ ಗಳ ತೂರಿಸಿದರೆ ಬೇಕಾದಾಗ ಸರಿಸಬಹುದು, ದಾಟಿದ ಮೇಲೆ ಮತ್ತೆ ಹಾಕಬಹುದು. ಕರಾವಳಿಯವರು ತಡಮೆ ಎನ್ನುವುದೂ ಇದೇ ಬಗೆಯದು. ಉಣಗೋಲನ್ನು ಸರಿಸಿ ಹಾಗೇ ಬಿಟ್ಟು ಹೋದ ಹುಡುಗನಿಗೆ ದೊಡ್ಡವರಿಂದ ಬೈಗುಳ ಖಂಡಿತ. ನನಗೂ ಬಿದ್ದಿದೆ. ಕಾಯುವ ಹೊಣೆ ಒಡೆಯನದು, ದಾಟಿದವನು ಮುಚ್ಚಿ ಹೋಗುವ ಹೊಣೆ ದಾರಿಹೋಕನದು. ಕಾಗದ ಪತ್ರವಿಲ್ಲದೆ ಎರಡೂ ಕಡೆಯವರು ಪಾಲಿಸಿದ ಒಪ್ಪಂದ ಅದು. ಇಂದಿನ ಐಬೆಕ್ಸ್ ವಿದ್ಯುತ್ ಬೇಲಿಗೂ ಹಿಡಿ ಇರುವ ಕೊಕ್ಕೆಯ ಗೇಟು ಬರುತ್ತದೆ. ಹಿಡಿಗೆ ಕರೆಂಟು ಹರಿಯುವುದಿಲ್ಲ, ಮಕ್ಕಳೂ ತೆಗೆಯಬಹುದು. ಲೈನಿನಿಂದ ನೇರ ಕರೆಂಟು ಎಳೆದು ತಂತಿಗೆ ಬಿಡುವವರ ವಿಷಯ ಬೇರೆ. ಅದು ಬೆಳೆ ರಕ್ಷಣೆಯಲ್ಲ, ಅಪರಾಧ. ಅದಕ್ಕೆ ಆನೆಯೂ ಸತ್ತಿದೆ, ಮನುಷ್ಯರೂ ಸತ್ತಿದ್ದಾರೆ.

ಕಳ್ಳತನದ ಮಾತಿಗೂ ಉತ್ತರ ಹೇಳಬೇಕು. ಅಡಿಕೆ ಕದಿಯುವವನು ರಾತ್ರಿ ಎರಡು ಗಂಟೆಗೆ ವಾಹನ ತಂದು ಟಾರು ರಸ್ತೆಯ ಬದಿಯಲ್ಲಿ ನಿಲ್ಲಿಸುತ್ತಾನೆ. ಅವನಿಗೆ ಕಾಲುದಾರಿ ಬೇಕಿಲ್ಲ, ತಂತಿ ಕತ್ತರಿಸಲು ಒಂದು ಇಕ್ಕಳ ಸಾಕು. ಹಗಲೆಲ್ಲ ಊರಿನವರು ಓಡಾಡುವ ದಾರಿ ತೋಟಕ್ಕೆ ಕಾವಲಿದ್ದಂತೆ. ಯಾರೋ ಅಪರಿಚಿತರು ನಿಂತಿದ್ದರು ಎಂದು ಸಂಜೆ ಬಂದು ಹೇಳುವವರು ಆ ದಾರಿಯಲ್ಲಿ ನಡೆಯುವವರೇ.

ಇದೇ ಜಾಗದಲ್ಲಿ ಇನ್ನೊಂದು ಟೀಕೆಗೂ ಉತ್ತರಿಸುತ್ತೇನೆ. ಬೇರೆಯವರ ಹೊಲದಲ್ಲಿ ನಡೆಯುವ ಹಕ್ಕು ಲೋಕದಲ್ಲಿ ಎಲ್ಲಿಯೂ ಇಲ್ಲ, ಮುಂದುವರಿದ ದೇಶಗಳಲ್ಲಿ ಹೀಗೆ ಮಾಡಿದರೆ ಜೈಲು ಎಂದು ವಿದೇಶ ಕಂಡು ಬಂದವರೊಬ್ಬರು ಸಭೆಯಲ್ಲಿ ಹೇಳಿದರು. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯೊಂದು ಕಾಲುದಾರಿಗಳ ನಕ್ಷೆ ಮಾಡಿ ಇಡುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಒಪ್ಪಿಸಿತು. ಕಾಲುದಾರಿಯ ಮೇಲಿನ ಬೇಲಿಮೆಟ್ಟಿಲು, ಗೇಟುಗಳನ್ನು ಸುಸ್ಥಿತಿಯಲ್ಲಿಡುವುದು ಜಮೀನಿನ ಒಡೆಯನ ಕರ್ತವ್ಯ, ಅದರ ಖರ್ಚಿನಲ್ಲಿ ಕಾಲು ಭಾಗಕ್ಕೆ ಕಡಿಮೆಯಾಗದಂತೆ ಆಡಳಿತ ಕೊಡಬೇಕು ಎಂದು 1980ರ ಹೆದ್ದಾರಿ ಕಾಯ್ದೆ ಹೇಳುತ್ತದೆ. ನಮ್ಮ ತಡಬೆಯನ್ನು ಅವರು ಕಾನೂನಿನಲ್ಲಿ ಬರೆದುಕೊಂಡಿದ್ದಾರೆ, ಅಷ್ಟೇ. ನಮ್ಮ ಪಂಚಾಯಿತಿಗಳೂ ತಡಬೆಗೆ ಒಂದು ಪಾಲು ಹಣ ಕೊಡುವಂತಾದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಪರ್ಯಾಯ ದಾರಿ ಕೊಟ್ಟಿದ್ದೇವಲ್ಲ ಎನ್ನುವವರಿಗೆ: ಕೊಟ್ಟ ದಾರಿಯಲ್ಲಿ ಆಷಾಢದ ಮಳೆಯಲ್ಲಿ ಒಮ್ಮೆ ನಡೆದು ನೋಡಿ. ನಮಗೆ ತೋರಿಸಿದ್ದು ಗದ್ದೆಯ ಅಂಚು. ನಾಟಿಯ ಕಾಲದಲ್ಲಿ ಮೊಣಕಾಲುದ್ದ ನೀರು. ದಾರಿ ಬದಲಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಒಂದೇ ಹಿಡುವಳಿ ಪಾಲಾಗಿ, ಒಂದು ತುಂಡು ದಾರಿಯಿಲ್ಲದೆ ಒಳಗೆ ಸಿಕ್ಕಿಕೊಂಡಾಗ ದಾರಿ ಎಲ್ಲಿ ಎಂದು ಗುರುತಿಸುವ ಅವಕಾಶವನ್ನು 1882ರ ಅನುಭೋಗ ಹಕ್ಕಿನ ಕಾಯ್ದೆಯೇ ದಾರಿ ಕೊಡಬೇಕಾದವನಿಗೆ ಕೊಟ್ಟಿದೆ. ಜೊತೆಗೆ ಒಂದು ಷರತ್ತೂ ಇಟ್ಟಿದೆ: ನಡೆಯುವವನಿಗೆ ಅದು ತಕ್ಕಮಟ್ಟಿಗೆ ಅನುಕೂಲವಾಗಿರಬೇಕು. ಹಾಗಾಗಿ ಬದಲಿ ದಾರಿ ಕೊಡುವವರು ಗಟ್ಟಿ ನೆಲ ಕೊಡಲಿ, ಅದನ್ನು ದಾಖಲೆಗೆ ಹತ್ತಿಸಲಿ. ಬಾಯಿಮಾತಿನಲ್ಲಿ ಕೊಟ್ಟ ದಾರಿ ಮುಂದಿನ ಮಾರಾಟದ ದಿನ ಹೋಗುತ್ತದೆ.

ಇನ್ನು ಸೌಹಾರ್ದದ ಮಾತು. ಇದನ್ನು ಹೇಳುವವರು ಒಳ್ಳೆಯ ಜನ, ಆದ್ದರಿಂದಲೇ ಇದಕ್ಕೆ ಉತ್ತರಿಸುವುದು ನನಗೆ ಕಷ್ಟ. ಊರಿನ ವಿಷಯ ಊರಿನಲ್ಲೇ ಮುಗಿಯಲಿ, ಕಚೇರಿ ಮೆಟ್ಟಿಲು ಹತ್ತಬೇಡಿ, ಸ್ವಲ್ಪ ಹೊಂದಿಕೊಂಡು ಹೋಗಿ ಎನ್ನುತ್ತಾರೆ.

ಹೊಂದಿಕೊಂಡು ಹೋಗಿ ಎಂದು ಹೇಳಿಸಿಕೊಳ್ಳುವವರು ಯಾವಾಗಲೂ ನಡೆಯುವವರೇ ಯಾಕೆ? ಬೇಲಿ ಹಾಕಿದವರಿಗೆ ಈ ಮಾತನ್ನು ಯಾರಾದರೂ ಹೋಗಿ ಹೇಳಿದ್ದಾರೆಯೇ? ಸುಮ್ಮನಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ ಎಂಬುದೂ ತಪ್ಪು. ನಕಾಶೆಯಲ್ಲಿಲ್ಲದ, ರೂಢಿಯಿಂದ ಮಾತ್ರ ಬಂದ ದಾರಿಗಳಿಗೆ 1882ರ ಕಾಯ್ದೆಯ 15ನೆಯ ಕಲಂ ಬೀಳುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದು ನಡೆದಿರಬೇಕು, ಆ ಇಪ್ಪತ್ತು ವರ್ಷ ದಾವೆ ಹೂಡುವ ದಿನಕ್ಕಿಂತ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಯಾರೋ ಅಡ್ಡಗಟ್ಟಿ ದಾರಿ ನಿಂತು, ಗೊತ್ತಿದ್ದೂ ಒಂದು ವರ್ಷ ಸುಮ್ಮನಿದ್ದರೆ ಅದನ್ನು ತಡೆ ಎಂದು ಲೆಕ್ಕ ಹಿಡಿಯಲಾಗುತ್ತದೆ. ಅಜ್ಜನ ಕಾಲದಿಂದ ನಡೆದ ದಾರಿಯ ಹಕ್ಕು ಸೌಹಾರ್ದದ ಹೆಸರಿನಲ್ಲಿ ಕಾಯುತ್ತ ಕೂತಾಗ ಕೈಬಿಟ್ಟು ಹೋಗಬಹುದು. ಹಬ್ಬ ಮುಗಿಯಲಿ, ಚುನಾವಣೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ನಮಗೆ ಹೇಳಿದವರಿಗೆ ಈ ಒಂದು ವರ್ಷದ ಲೆಕ್ಕ ಗೊತ್ತಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇಷ್ಟರಲ್ಲಿ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ನಮ್ಮ ದಾರಿ ಶಾಲೆಗೆ ಹೋಗುವಂತೆ ಹಳ್ಳದಾಚೆಯ ಸ್ಮಶಾನಕ್ಕೂ ಹೋಗುತ್ತದೆ. ಬೇಲಿ ಬಿದ್ದ ವರ್ಷ ಕೇರಿಯ ಹಿರಿಯರೊಬ್ಬರು ತೀರಿಕೊಂಡಾಗ ಹೆಣ ಹೊತ್ತವರು ನಾಟಿಯಾದ ಗದ್ದೆಯಲ್ಲಿ ಇಳಿದು ಹೋಗಬೇಕಾಯಿತು. ಚಟ್ಟ ಎರಡು ಸಲ ವಾಲಿತು. ಆ ದಿನ ಹೆಗಲು ಕೊಟ್ಟವರಲ್ಲಿ ನಾನಿದ್ದೆ. ಕರ್ನಾಟಕದ ಎಷ್ಟೋ ಊರುಗಳಲ್ಲಿ ದಲಿತ ಕೇರಿಯಿಂದ ಸ್ಮಶಾನಕ್ಕೆ, ಕೆರೆಗೆ, ಹೊಲಕ್ಕೆ ಹೋಗುವ ದಾರಿಯೇ ಮೊದಲು ಮುಚ್ಚುವುದು. ಅಡ್ಡ ಹೇಳುವವರು ಕಡಿಮೆ ಎಂಬ ಧೈರ್ಯ ಅದರ ಹಿಂದೆ ಇರುತ್ತದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದು ಸಂವಿಧಾನದ 15ನೆಯ ವಿಧಿ ಹೇಳುತ್ತದೆ. ಪರಿಶಿಷ್ಟರಿಗೆ ಸಾರ್ವಜನಿಕ ಸ್ಥಳಕ್ಕೆ ಹೋಗುವ ರೂಢಿಯ ದಾರಿಯನ್ನು ನಿರಾಕರಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಇಂಥ ಬೇಲಿಯ ಎದುರು ಸೌಹಾರ್ದ ಎಂದರೆ ಏನು ಅರ್ಥ ಎಂದು ಆ ಚಟ್ಟ ಹೊತ್ತವರನ್ನು ಕೇಳಿ.

ಕಚೇರಿಯ ಮೇಜಿನಾಚೆಯಿಂದ ಬಂದ ಉತ್ತರ ಒಂದೇ ಸಾಲಿನದು: ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ. ಇದು ಪೂರ್ತಿ ನಿಜವಲ್ಲ. ನಕಾಶೆಯ ದಾರಿ ಸರ್ಕಾರದ ಸ್ವತ್ತಾದರೆ ತನ್ನ ಸ್ವತ್ತನ್ನು ಕಾಯಲು ಸರ್ಕಾರ ಹಳ್ಳಿಯ ಕೂಲಿಯವರನ್ನು ವಕೀಲರ ಬಳಿ ಕಳಿಸಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಂ ಸಾರ್ವಜನಿಕ ದಾರಿಯ ಅಡ್ಡಿಯನ್ನು ತೆಗೆಸಲು ಜಿಲ್ಲಾ ಮತ್ತು ಉಪವಿಭಾಗ ದಂಡಾಧಿಕಾರಿಗಳಿಗೆ ಅಧಿಕಾರ ಕೊಡುತ್ತದೆ. ನೆಲ, ನೀರಿನ ಬಳಕೆಯ ಹಕ್ಕಿನ ಬಗ್ಗೆ ಶಾಂತಿ ಕದಡುವಂಥ ತಕರಾರು ಎದ್ದಾಗ 166ನೆಯ ಕಲಂ ಇದೆ. ಇವು ಹೊಸವೂ ಅಲ್ಲ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133 ಮತ್ತು 147 ಎಂಬ ಸಂಖ್ಯೆಯಲ್ಲಿದ್ದವು. ರೈತರು ಜಮೀನಿಗೆ ಹೋಗುವ ದಾರಿಯ ತಕರಾರುಗಳಲ್ಲಿ ತಹಶೀಲ್ದಾರರು ಕ್ರಮ ಕೈಗೊಳ್ಳಬೇಕೆಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಇಲಾಖೆ ಮಾಡಿ ಎಂದದ್ದನ್ನು ಕೆಳಗಿನ ಕಚೇರಿ ನಮ್ಮ ಕೆಲಸವಲ್ಲ ಎಂದರೆ ಜನ ಯಾರ ಮಾತು ನಂಬಬೇಕು? ಒತ್ತುವರಿ ಆಗಿ ಬಹಳ ವರ್ಷವಾಯಿತು, ಲಕ್ಷಗಟ್ಟಲೆ ಖರ್ಚಾಗಿದೆ ಎಂಬ ಸಮಜಾಯಿಷಿಗೂ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ, ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಉತ್ತರ ಹೇಳಿದೆ. ಊರೊಟ್ಟಿನ ಜಾಗದ ಒತ್ತುವರಿಯನ್ನು ಸಕ್ರಮ ಮಾಡಲು ಅವೆಲ್ಲ ಕಾರಣವಾಗಲಾರವು ಎಂದಿತು ಕೋರ್ಟು.

ಕೊನೆಗೆ ನಮ್ಮ ಕಡೆಯವರಿಗೂ ಒಂದು ಉತ್ತರ ಬಾಕಿ ಇದೆ. ಅರ್ಜಿ ಗಿರ್ಜಿ ಬೇಡ, ಒಂದು ರಾತ್ರಿ ಹೋಗಿ ತಂತಿ ಕತ್ತರಿಸಿ ಹಾಕೋಣ ಎಂದು ಕೇರಿಯ ಹುಡುಗರು ನನ್ನ ಬಳಿ ಬಂದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರ ತಂಗಿಯರು ದಿನಾ ಮೂರು ಕಿಲೋಮೀಟರ್ ಸುತ್ತುತ್ತಾರೆ. ಆದರೂ ಬೇಡ ಎಂದೆ, ಈಗಲೂ ಬೇಡ ಎನ್ನುತ್ತೇನೆ. ಅಡ್ಡಿಯನ್ನು ತಾನೇ ಕಿತ್ತು ಹಾಕುವಂತಿಲ್ಲ ಎಂದು 1882ರ ಕಾಯ್ದೆಯ 36ನೆಯ ಕಲಂ ದಾರಿಯ ಹಕ್ಕಿದ್ದವನಿಗೇ ಹೇಳುತ್ತದೆ. ತಂತಿ ಕತ್ತರಿಸಿದ ಮರುದಿನ ಠಾಣೆಯಲ್ಲಿ ದೂರು ದಾಖಲಾಗುವುದು ಹುಡುಗರ ಮೇಲೆ. ದಾರಿಯ ಮಾತು ಹಿಂದೆ ಬಿದ್ದು ಕತ್ತರಿಸಿದ ತಂತಿಯ ಮಾತು ಮುಂದೆ ಬರುತ್ತದೆ. ಅದರ ಬದಲು ಅವರು ಮಾಡಿದ ಕೆಲಸ ಒಂದಿದೆ, ಅದನ್ನು ಬರೆಯಲು ನನಗೆ ಹೆಮ್ಮೆ. ಮೂವರು ಹುಡುಗರು ಸೇರಿ ಗ್ರಾಮ ನಕಾಶೆ ಇಳಿಸಿಕೊಂಡರು, ಟಿಪ್ಪಣಿಯ ನಕಲಿಗೆ ಅರ್ಜಿ ಹಾಕಿದರು, ದಾರಿಯುದ್ದಕ್ಕೂ ಫೋಟೋ ತೆಗೆದರು, ಐವತ್ತು ವರ್ಷ ಆ ದಾರಿಯಲ್ಲಿ ನಡೆದ ಅಜ್ಜ-ಅಜ್ಜಿಯರ ಹೇಳಿಕೆ ಬರೆದು ಹೆಬ್ಬೆಟ್ಟು ಹಾಕಿಸಿಕೊಂಡರು. ಆ ಕಾಗದಗಳು ಈಗ ನಮ್ಮ ಅರ್ಜಿಯ ಜೊತೆಗಿವೆ.

ಸರ್ವೆಯವರು ಅಳತೆಗೆ ಬರುವುದಾಗಿ ನೋಟಿಸು ಬಂದಿದೆ. ಜಮೀನಿನ ಒಡೆಯರೂ ಅಂದು ಸ್ಥಳದಲ್ಲಿರಬೇಕೆಂದು ಕೇಳಿಕೊಳ್ಳುತ್ತೇನೆ, ನಾವೂ ಇರುತ್ತೇವೆ. ಅವರ ಬೇಲಿಯ ಒಂದು ಕಂಬವೂ ಅಲುಗುವುದು ನಮಗೆ ಬೇಕಿಲ್ಲ. ಗೆರೆ ಹಾಯುವ ಕಡೆ ಮೂರು ಅಡಿ ತಂತಿ ಸಡಿಲಿಸಿ, ಆಚೆ ಈಚೆ ಎರಡೆರಡು ಮೆಟ್ಟುಗಲ್ಲು ಇಟ್ಟರೆ ಆಯಿತು. ಕಲ್ಲು ನಮ್ಮ ಹಳೆಯ ಕೊಟ್ಟಿಗೆಯ ಪಾಯದಲ್ಲಿವೆ, ಹೊತ್ತು ತರಲು ಹುಡುಗರು ಒಪ್ಪಿದ್ದಾರೆ.